ಹತ್ತರಿಂದ ಒಂದಕ್ಕೆ: ನಮ್ಮ ಹತ್ತು ಹಾಡು, ಅವುಗಳ ಹಿಂದಿನ ಹೆಸರು

ಎಲ್ಲ ಕಾಲಕ್ಕೂ ಇಷ್ಟವಾದ ಹತ್ತು ಕನ್ನಡ ಹಾಡು ಯಾವುವು? ಈ ಒಂದು ಪ್ರಶ್ನೆ ಇಟ್ಟುಕೊಂಡು ನಾವು ಐದು ಜನ ಮೂರು ವಾರ ಜಗಳವಾಡಿದ್ದೇವೆ. ಚಾಮರಾಜನಗರದ ಕಡೆಯವರು ಒಂದು ಹೇಳಿದರೆ ಹಾವೇರಿ ಕಡೆಯವರು ಇನ್ನೊಂದು ಹೇಳುತ್ತಾರೆ. ಕೊನೆಗೆ ಮೂರು ನಿಯಮ ಮಾಡಿಕೊಂಡೆವು.

ಒಂದು, ಆ ಹಾಡು ಇವತ್ತಿಗೂ ನಮ್ಮ ಊರುಗಳಲ್ಲಿ ಕೇಳಬೇಕು. ಟ್ರ್ಯಾಕ್ಟರ್ ಮೇಲೋ, ಮದುವೆ ಮನೆಯಲ್ಲೋ, ಜಾತ್ರೆಯ ಆರ್ಕೆಸ್ಟ್ರಾದಲ್ಲೋ, ಎಲ್ಲಾದರೂ ಸರಿ. ಎರಡು, ವಾದ್ಯ ಇಲ್ಲದೆ, ಗಾಯಕರಲ್ಲದವರೂ ಗುನುಗುವ ಹಾಗಿರಬೇಕು. ಮೂರು, ಅದನ್ನು ಬರೆದವರು, ರಾಗ ಹಾಕಿದವರು, ಹಾಡಿದವರು ಯಾರು ಅಂತ ನಾವು ಹೇಳಲೇಬೇಕು.

ಹೆಚ್ಚು ತಲೆ ತಿಂದದ್ದು ಮೂರನೇ ನಿಯಮ. ಹಿಂದೆ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಲ್ಲಿ ಹಾಡಿಗಿಂತ ಮುಂಚೆ ಹೆಸರು ಬರುತ್ತಿತ್ತು. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳಿ, ಆಮೇಲೆ ಹಾಡು ಕೇಳಿದವರ ಊರು, ಹೆಸರು ಓದುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಂದಿರಿಗೂ ಚಿ. ಉದಯಶಂಕರ್ ಯಾರು ಅಂತ ಗೊತ್ತಿತ್ತು. ಈಗ ಹಾಡು ಮೂವತ್ತು ಸೆಕೆಂಡಿನ ತುಂಡಾಗಿ ಫೋನಿಗೆ ಬರುತ್ತದೆ. ಹೀರೋ ಮುಖ ಕಾಣುತ್ತದೆ, ಮಿಕ್ಕವರ ಹೆಸರು ಕಾಣುವುದಿಲ್ಲ. ಅದಕ್ಕೇ ಈ ಪಟ್ಟಿಯನ್ನು ಹೆಸರು ಹಿಡಿದು ಬರೆಯುತ್ತಿದ್ದೇವೆ.

10. ಸಿಂಗಾರ ಸಿರಿಯೇ (ಕಾಂತಾರ, 2022)

ಬರೆದವರು ಪ್ರಮೋದ್ ಮರವಂತೆ, ಸಂಗೀತ ಅಜನೀಶ್ ಲೋಕನಾಥ್, ಹಾಡಿದವರು ವಿಜಯ್ ಪ್ರಕಾಶ್ ಮತ್ತು ಅನನ್ಯಾ ಭಟ್. ಈ ಸಿನಿಮಾ ಅಂದರೆ ಎಲ್ಲರಿಗೂ ದೈವ, ಕಿರುಚಾಟ, ಬೆಂಕಿ ನೆನಪಾಗುತ್ತದೆ. ನಮಗೆ ನೆನಪಾಗುವುದು ಈ ಮೆತ್ತನೆಯ ಹಾಡು. ಮದುವೆ ವಿಡಿಯೊ ಮಾಡುವವರು ಇದನ್ನು ಹಾಕದೆ ಬಿಡುವುದಿಲ್ಲ. ಪಟ್ಟಿಯಲ್ಲಿ ಇದು ಹೊಸಬ, ಅದಕ್ಕೆ ಹತ್ತನೇ ಜಾಗ.

9. ಹುಟ್ಟಿದರೆ ಕನ್ನಡ ನಾಡಲ್ಲಿ (ಆಕಸ್ಮಿಕ, 1993)

ಪದ, ರಾಗ ಎರಡೂ ಹಂಸಲೇಖ ಅವರದು. ಹಾಡಿದವರು ರಾಜ್‌ಕುಮಾರ್. ನವೆಂಬರ್ ಒಂದನೇ ತಾರೀಕು ಈ ಹಾಡು ಕೇಳದ ಊರಿದ್ದರೆ ನಮಗೆ ತಿಳಿಸಿ. ಟಾಂಗಾ ಓಡಿಸುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತ ಹೋಗುವ ಹಾಗಿದೆ ಇದರ ನಡೆ. ನಾಡಗೀತೆಯ ಹಾಗೆ ಎದ್ದು ನಿಂತು ಹಾಡಬೇಕಿಲ್ಲ, ಕುಣಿದುಕೊಂಡು ಹಾಡಬಹುದು. ಭಾಷೆಯ ಅಭಿಮಾನವನ್ನು ಬೈಗುಳವಿಲ್ಲದೆ ಹೇಳಿದ್ದಾರೆ ಅನ್ನುವುದು ನಮಗೆ ದೊಡ್ಡದು.

8. ಅನಿಸುತಿದೆ (ಮುಂಗಾರು ಮಳೆ, 2006)

ಬರೆದವರು ಗೋಕರ್ಣದ ಜಯಂತ ಕಾಯ್ಕಿಣಿ, ಸಂಗೀತ ಮನೋಮೂರ್ತಿ, ಹಾಡಿದವರು ಸೋನು ನಿಗಮ್. ಯೋಗರಾಜ್ ಭಟ್ ಅವರ ಈ ಸಿನಿಮಾ ವರ್ಷದ ಕೊನೆಯ ವಾರ ಬಿಡುಗಡೆಯಾಯಿತು. ಮುಂದಿನ ವರ್ಷವಿಡೀ ಊರಲ್ಲಿ ಯಾರಿಗೆ ಫೋನ್ ಮಾಡಿದರೂ ಕಾಲರ್ ಟ್ಯೂನ್ ಇದೇ. ಕಥೆ, ಕವಿತೆ ಬರೆಯುವವರೊಬ್ಬರು ಸಿನಿಮಾಕ್ಕೆ ಬರೆದರೆ ಮಾತು ಹೇಗೆ ಹೊಸದಾಗುತ್ತದೆ ಅಂತ ನಮ್ಮ ವಯಸ್ಸಿನವರಿಗೆ ತಿಳಿದದ್ದು ಈ ಹಾಡಿನಿಂದ. ಮೆಮೊರಿ ಕಾರ್ಡಿಗೆ ಹತ್ತು ರೂಪಾಯಿ ಕೊಟ್ಟು ಹಾಡು ತುಂಬಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ.

7. ಜೊತೆಯಲಿ (ಗೀತಾ, 1981)

ಬರೆದವರು ಚಿ. ಉದಯಶಂಕರ್, ಸಂಗೀತ ಇಳಯರಾಜ, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ನಿರ್ದೇಶನ, ನಟನೆ ಶಂಕರ್ ನಾಗ್. ಈ ರಾಗ ಇಳಯರಾಜ ಅವರಿಗೇ ಎಷ್ಟು ಇಷ್ಟ ಅಂದರೆ, 2007ರ ಹಿಂದಿ ಸಿನಿಮಾ ‘ಚೀನಿ ಕಮ್’ನಲ್ಲೂ ಬಳಸಿದರು. ಅಲ್ಲಿ ಕೇಳಿದವರು ಹೊಸ ಹಾಡು ಅಂದುಕೊಂಡರು. ನಮ್ಮ ಆಟೊ ಸ್ಟ್ಯಾಂಡಿನವರು ಮಾತ್ರ ಮೊದಲ ಸಾಲಿಗೇ ಹಿಡಿದುಬಿಟ್ಟರು. ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ, ನಮ್ಮಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಆಟೊ ಹಿಂದಿನ ಚಿತ್ರದಿಂದ, ಈ ಹಾಡಿನಿಂದ ಅವರು ನಮಗೆ ಪರಿಚಯದವರೇ.

6. ಯಾರೇ ಕೂಗಾಡಲಿ (ಸಂಪತ್ತಿಗೆ ಸವಾಲ್, 1974)

ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ರಾಜ್‌ಕುಮಾರ್. ಎಮ್ಮೆ ಹಾಡು ಅಂದರೆ ಸಾಕು, ಬೇರೆ ಗುರುತು ಬೇಡ. ಅದಕ್ಕೂ ಮುಂಚೆ ರಾಜ್‌ಕುಮಾರ್ ಒಂದೆರಡು ಕಡೆ ಹಾಡಿದ್ದರೂ ಪರದೆಯ ಮೇಲೆ ಅವರ ದನಿ ಅಂದರೆ ಪಿ.ಬಿ. ಶ್ರೀನಿವಾಸ್. ಈ ಹಾಡಿನಿಂದಾಚೆಗೆ ರಾಜ್‌ಕುಮಾರ್ ಗಾಯಕರಾಗಿ ನಿಂತರು. ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಎಮ್ಮೆ ಮೇಯಿಸಿದವರಿಗೆ ಈ ಹಾಡಿನ ರುಚಿಯೇ ಬೇರೆ. ಹಸುವಿಗೆ ಪೂಜೆ ಇದೆ, ಎತ್ತಿಗೆ ಹಬ್ಬ ಇದೆ, ಎಮ್ಮೆಗೆ ಇರುವುದು ಬರೀ ಬೈಗುಳ. ಅಂಥ ಎಮ್ಮೆಯ ನೆಮ್ಮದಿಯನ್ನು ಒಬ್ಬ ಕವಿ ಹೊಗಳಿದ್ದಾರಲ್ಲ, ಅದಕ್ಕೆ ಆರನೇ ಜಾಗ.

5. ಆಗದು ಎಂದು (ಬಂಗಾರದ ಮನುಷ್ಯ, 1972)

ಬರೆದವರು ಆರ್.ಎನ್. ಜಯಗೋಪಾಲ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ಧಲಿಂಗಯ್ಯ ಅವರ ನಿರ್ದೇಶನ. ಇದರ ಮೇಲೆ ನಮ್ಮಲ್ಲಿ ನಿಜವಾದ ಜಗಳವೇ ಆಯಿತು.

ಇಬ್ಬರ ವಾದ ಹೀಗೆ: ಪಟ್ಟಣ ಬಿಟ್ಟು ಬಂದು ಕಲ್ಲುನೆಲ ಒಡೆದು ಬೆಳೆ ತೆಗೆದ ರಾಜೀವನನ್ನು ನೋಡಿ ಎಷ್ಟೋ ಜನ ಹೊಲಕ್ಕೆ ವಾಪಸ್ ಬಂದರು, ಇಂಥ ಹಾಡು ಇನ್ನೊಂದಿಲ್ಲ. ಉಳಿದವರ ವಾದ: ಸಾಲ ಮಾಡಿ ಮೂರು ಬೋರ್ ಕೊರೆಸಿ, ಮೂರರಲ್ಲೂ ದೂಳು ಬಂದವನ ಮುಂದೆ ಈ ಹಾಡು ಹಾಕಿದರೆ ಅವನಿಗೆ ಹೇಗಾಗಬೇಡ? ಅವನೇನು ಕೈಲಾಗದು ಅಂತ ಕೂತವನೇ?

ಇಬ್ಬರದೂ ನಿಜ. ಹಾಡು ವಿಶ್ವೇಶ್ವರಯ್ಯನವರನ್ನು ನೆನೆಯುತ್ತದೆ, ಅಣೆಕಟ್ಟು ಕಟ್ಟಿದ ಕಾಲದ ಧೈರ್ಯ ಅದರದು. ಕಾಲುವೆ ನೀರು ಬಂದ ಊರಿನಲ್ಲಿ ಅದು ಒಂದು ಥರ ಕೇಳುತ್ತದೆ, ಬರದ ಊರಿನಲ್ಲಿ ಇನ್ನೊಂದು ಥರ. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. ಒಂದು ಅಕ್ಷರವೂ ಜಾರದ ಅವರ ಕನ್ನಡ ಕೇಳಿದ ಮೇಲೆ ಎರಡೂ ಕಡೆಯವರು ಸುಮ್ಮನಾದೆವು. ಐದನೇ ಜಾಗ ರಾಜಿಯ ಜಾಗ.

4. ಎರಡು ಗೊಂಬೆ ಹಾಡು (1971 ಮತ್ತು 2017)

ಇಲ್ಲಿ ಒಂದು ಜಾಗದಲ್ಲಿ ಎರಡು ಹಾಡು ಇಟ್ಟಿದ್ದೇವೆ, ಬೇರೆ ಮಾಡಲು ಆಗಲಿಲ್ಲ. ಮೊದಲನೆಯದು ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು’. ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಎರಡನೆಯದು ‘ರಾಜಕುಮಾರ’ದ ‘ಬೊಂಬೆ ಹೇಳುತೈತೆ’. ಬರೆದವರು ನಿರ್ದೇಶಕ ಸಂತೋಷ್ ಆನಂದ್‌ರಾಮ್, ಸಂಗೀತ ವಿ. ಹರಿಕೃಷ್ಣ, ಹಾಡಿದವರು ವಿಜಯ್ ಪ್ರಕಾಶ್. ಮೊದಲನೆಯದರಲ್ಲಿ ತಂದೆ ರಾಜ್‌ಕುಮಾರ್, ಎರಡನೆಯದರಲ್ಲಿ ಮಗ ಪುನೀತ್.

ತಳ್ಳಿದರೂ ಬೀಳದೆ ಎದ್ದು ನಿಲ್ಲುವ ಗೊಂಬೆ ಅದು. ಎಲ್ಲವನ್ನೂ ಕೊಟ್ಟು ಬರಿಗೈಯಾದ ಮೇಲೂ ಯಾರ ಮುಂದೂ ಕೈ ಚಾಚದ ಮನುಷ್ಯನ ಗುರುತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಆ ಹಾಡಿನ ಅರ್ಥವೇ ಬದಲಾಯಿತು. ಊರೂರಲ್ಲಿ ಫ್ಲೆಕ್ಸ್ ಕಟ್ಟಿ, ಹೂ ಹಾಕಿ, ಇದೇ ಹಾಡು ಹಾಕಿದರು. ಸಿನಿಮಾ ನೋಡದ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಮ್ಮೂರಿನ ಸೌಂಡ್ ಸಿಸ್ಟಮ್‌ನವರು ಆ ವಾರ ಬಾಡಿಗೆ ತೆಗೆದುಕೊಳ್ಳಲಿಲ್ಲ.

3. ತೇರ ಏರಿ (ಪರಸಂಗದ ಗೆಂಡೆತಿಮ್ಮ, 1978)

ಬರೆದವರು ದೊಡ್ಡರಂಗೇಗೌಡ, ಸಂಗೀತ ರಾಜನ್-ನಾಗೇಂದ್ರ, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ ಆಧರಿಸಿದ ಸಿನಿಮಾ. ಲೋಕೇಶ್ ಅವರ ಗೆಂಡೆತಿಮ್ಮ ತಲೆಯ ಮೇಲೆ ಸಾಮಾನು ಹೊತ್ತು ಹಳ್ಳಿ ಹಳ್ಳಿ ತಿರುಗುವ ವ್ಯಾಪಾರಿ.

ಅಂಬರದಲ್ಲಿ ಅಂತ ಬರೆಯದೆ ಅಂಬರದಾಗೆ ಅಂತ ಬರೆದರಲ್ಲ, ಆ ಒಂದು ಪದಕ್ಕೆ ನಾವು ಮೂರನೇ ಜಾಗ ಕೊಟ್ಟಿದ್ದೇವೆ. ಕಾಲೇಜಿನಲ್ಲಿ ನಾವು ‘ಅಲ್ಲಿ’ ಬದಲು ‘ದಾಗೆ’ ಅಂದಾಗ ನಕ್ಕವರಿದ್ದಾರೆ. ಸುದ್ದಿ ಓದುವ ತರಗತಿಯಲ್ಲಿ ಊರಿನ ಮಾತು ತಿದ್ದಿಕೊಳ್ಳಿ ಅಂದವರಿದ್ದಾರೆ. ಅಂಥ ಮಾತನ್ನೇ ಹಾಡಿಗೆ ತಂದು, ಬೆಳಗಾಗುವ ಹೊತ್ತಿನ ಚೆಲುವನ್ನು ಅದರಲ್ಲೇ ಹೇಳಿದವರು ಮಧುಗಿರಿ ಸೀಮೆಯ ಈ ಕವಿ. ‘ಆಲೆಮನೆ’ಯ ‘ನಮ್ಮೂರ ಮಂದಾರ ಹೂವೆ’ ಬರೆದವರೂ ಇವರೇ. 2023ರಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನಕ್ಕೆ ಇವರು ಅಧ್ಯಕ್ಷರಾದಾಗ ಪೇಪರಿನವರು ಪುಸ್ತಕಗಳ ಪಟ್ಟಿ ಕೊಟ್ಟರು. ನಮ್ಮ ಮನೆಯವರಿಗೆ ಗುರುತು ಸಿಕ್ಕಿದ್ದು ಹಾಡಿನಿಂದ.

2. ಕೋಡಗನ ಕೋಳಿ ನುಂಗಿತ್ತ

ಬರೆದವರು ಶಿಶುನಾಳ ಶರೀಫರು. ರಾಗ, ದನಿ ಸಿ. ಅಶ್ವತ್ಥ್. 1990ರಲ್ಲಿ ಬಂದ ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾದಿಂದ, ಕ್ಯಾಸೆಟ್ಟುಗಳಿಂದ ಶರೀಫರ ಹಾಡು ಇಡೀ ನಾಡಿಗೆ ಹಬ್ಬಿತು. ಹಾವೇರಿ ಕಡೆಯ ನಮ್ಮ ಗೆಳತಿ ಇದಕ್ಕೆ ಒಂದನೇ ಜಾಗವೇ ಬೇಕು ಅಂತ ಹಟ ಹಿಡಿದಿದ್ದಳು.

ಶರೀಫರು ಇದ್ದದ್ದು 1819ರಿಂದ 1889ರವರೆಗೆ. ಆಗ ರೇಡಿಯೊ ಇಲ್ಲ, ಟೇಪ್ ಇಲ್ಲ. ಭಜನೆಯವರು ಬಾಯಿಂದ ಬಾಯಿಗೆ ದಾಟಿಸಿದ ಹಾಡು ಇವು. ಇಷ್ಟಾದರೂ ಇದು ಶರೀಫರ ಹಾಡು ಅಂತ ನಮಗೆ ಹೇಗೆ ಗೊತ್ತು? ಅಂಕಿತದಿಂದ. ಶಿಶುನಾಳದ ದೇವರನ್ನೂ ಗುರು ಗೋವಿಂದ ಭಟ್ಟರನ್ನೂ ಅವರು ಪದದ ಕೊನೆಗೆ ನೆನೆಯುತ್ತಿದ್ದರು. ಹಾಡುವವರು ಕಲಿತವರಲ್ಲದಿದ್ದರೂ, ಪದ ಅಲ್ಲಲ್ಲಿ ಬದಲಾದರೂ, ಬರೆದವರ ಗುರುತು ಹಾಡಿನೊಳಗೇ ಕೂತು ಬಂತು. ಹೆಸರು ಉಳಿಸಲು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಅದು.

1. ಸೋಜುಗದ ಸೂಜುಮಲ್ಲಿಗೆ

2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಇದನ್ನು ಹಾಡಿದವರು ಚೈತ್ರಾ ಜೆ. ಆಚಾರ್, ಸಂಗೀತ ಮಿಧುನ್ ಮುಕುಂದನ್. ಅನನ್ಯಾ ಭಟ್ ಹಾಡಿದ್ದನ್ನೂ ನೀವು ಶಿವರಾತ್ರಿಯಂದು ಕೇಳಿರುತ್ತೀರಿ. ಬರೆದವರು?

ಇಲ್ಲಿ ನಮ್ಮ ಮೂರನೇ ನಿಯಮ ಮುರಿಯಿತು. ಇದು ಮಲೆ ಮಹದೇಶ್ವರನ ಹಾಡು. ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ತಲೆಮಾರುಗಳಿಂದ ಹಾಡಿಕೊಂಡು ಬಂದ ಮಾದಪ್ಪನ ಪದಗಳಿವೆ. ಬೆಟ್ಟಕ್ಕೆ ನಡೆದುಹೋಗುವವರ ಬಾಯಲ್ಲಿ, ಬೀಸುವ, ಕುಟ್ಟುವ ಹೆಂಗಸರ ಬಾಯಲ್ಲಿ ಬೆಳೆದ ಹಾಡುಗಳಿವೆ. 1996ರ ‘ಜನುಮದ ಜೋಡಿ’ಗೆ ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ’ಯೂ ಇದೇ ಬಳ್ಳಿಯ ಹೂವು. ಸಿನಿಮಾಕ್ಕೆ ಬಂದಾಗ ಸಾಹಿತ್ಯ ಅನ್ನುವ ಕಡೆ ಒಂದೇ ಪದ ಇರುತ್ತದೆ: ಜಾನಪದ.

ಅದು ತಪ್ಪಲ್ಲ, ಯಾರೋ ಒಬ್ಬರು ಕೂತು ಬರೆದದ್ದಲ್ಲವಲ್ಲ. ಆದರೆ ಆ ಒಂದು ಪದದೊಳಗೆ ಎಷ್ಟು ಜನ ಅಡಗಿಹೋದರು ಅಂತ ಯೋಚಿಸಿ. ಹಾಡನ್ನು ನೆನಪಿನಲ್ಲಿ ಇಟ್ಟುಕೊಂಡವರು, ಒಂದು ಸಾಲು ಸೇರಿಸಿದವರು, ಮೊಮ್ಮಕ್ಕಳಿಗೆ ಕಲಿಸಿದವರು. ಮಾದಪ್ಪನ ಮಹಾಕಾವ್ಯವನ್ನು ಪಿ.ಕೆ. ರಾಜಶೇಖರ ಅಂಥವರು ಊರೂರು ಅಲೆದು ಸಂಗ್ರಹಿಸದಿದ್ದರೆ ಎಷ್ಟೋ ಪದ ಕಾಗದಕ್ಕೇ ಬರುತ್ತಿರಲಿಲ್ಲ.

ನಮ್ಮಲ್ಲೊಬ್ಬನ ಅಜ್ಜಿಗೆ ರಾತ್ರಿಯಿಡೀ ಹಾಡುವಷ್ಟು ಸೋಬಾನೆ ಪದ ಬರುತ್ತಿತ್ತು. ಸುತ್ತಿನ ಏಳು ಊರಿನ ಮದುವೆಗೆ ಅವರನ್ನು ಕರೆಯುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮನೆಯಲ್ಲಿ ಉಳಿದಿರುವುದು ನಲವತ್ತು ಸೆಕೆಂಡಿನ ಒಂದು ವಾಟ್ಸ್ಆ್ಯಪ್ ಆಡಿಯೊ, ಅದರಲ್ಲಿ ಅರ್ಧ ಮಿಕ್ಸಿ ಸದ್ದು. ಅದನ್ನು ಯಾರೋ ಗ್ರೂಪಿಗೆ ಹಾಕಿದರು, ಅಲ್ಲಿಂದ ಎಲ್ಲೆಲ್ಲೋ ಹೋಯಿತು. ಕೊನೆಗೆ ‘ಹಳೆಯ ಜಾನಪದ ಗೀತೆ’ ಅಂತ ಹೆಸರಿಟ್ಟುಕೊಂಡು ಮೊಮ್ಮಗನ ಫೋನಿಗೇ ವಾಪಸ್ ಬಂತು. ಅಜ್ಜಿಯ ಹೆಸರು ಎಲ್ಲೂ ಇರಲಿಲ್ಲ.

ಅದಕ್ಕೇ ಒಂದನೇ ಜಾಗ ಹೆಸರಿಲ್ಲದವರ ಹಾಡಿಗೆ.

ನಿಮ್ಮ ಹತ್ತು ಹಾಡು ಯಾವುವು ಅಂತ ಕಳಿಸಿ, ಜಗಳ ಮುಂದುವರಿಸೋಣ. ಜೊತೆಗೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಪದ ಹೇಳುವ ಹಿರಿಯರಿದ್ದರೆ, ಅವರನ್ನು ಕೇಳಿಕೊಂಡು, ಮಿಕ್ಸಿ, ಟಿವಿ ಆರಿಸಿ, ಫೋನಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿ. ಹಾಡು ಶುರುವಾಗುವ ಮೊದಲು ಅವರ ಬಾಯಿಂದಲೇ ಮೂರು ಮಾತು ಹೇಳಿಸಿ: ನನ್ನ ಹೆಸರು ಇದು, ನನ್ನ ಊರು ಇದು, ಈ ಪದ ನನಗೆ ಕಲಿಸಿದವರು ಇವರು.