ಆಯಿಯ ನೀರಿನ ಕಟ್ಟೆ

ಶನಿವಾರ ಬೆಳಿಗ್ಗೆ ಹುಲಸೂರಿನ ಆ ಮನೆಯಲ್ಲಿ ಚಹಾಕ್ಕಿಂತ ಮೊದಲು ಹುಣಸೆಹುಳಿಯ ವಾಸನೆ ಏಳುತ್ತದೆ. ಎಪ್ಪತ್ತು ದಾಟಿದ ಆಯಿ ಬಚ್ಚಲ ಮುಂದೆ ಕುಳಿತು, ಹುಳಿಯ ಮುದ್ದೆಗೆ ಉಪ್ಪು ಒತ್ತಿ, ತಾಮ್ರದ ಕೊಡವನ್ನು ಮೊಣಕಾಲ ನಡುವೆ ಹಿಡಿದಿರುತ್ತಾಳೆ. ಸೊಸೆ ಕೈ ನೀಡಿದರೆ, "ಕೊಡದ ಕುತ್ತಿಗಿ ನಿನಗ ಸಾಫ್ ಬರಲ್ಲ ಬಿಡವಾ, ನಾ ತಿಕ್ತೀನಿ" ಎನ್ನುತ್ತಾಳೆ. ಕೊಡದ ಕಪ್ಪು ಮಾಯವಾಗಿ ಕೆಂಪು ಮೇಲೇಳುವ ಕ್ಷಣವನ್ನು ಆಕೆ ಯಾರಿಗೂ ಬಿಟ್ಟುಕೊಡುವವಳಲ್ಲ.

ಹೊರಗಿನವರು ಇದನ್ನು ಕೆಲಸ ಅಂದಾರು. ಆಕೆಗೆ ಇದು ಷೋಕಿ. ಕೆಲವರಿಗೆ ಇಸ್ಪೀಟು, ಕೆಲವರಿಗೆ ಭಜನೆ. ಈಕೆಗೆ ನೀರು ಇಡುವುದು.

ನೀರು ಇಡುವುದೆಂದರೆ ತುಂಬಿಸುವುದಷ್ಟೇ ಅಲ್ಲ. ಪಡಸಾಲೆಯ ಮೂಲೆಯ ಕಟ್ಟೆಯ ಮೇಲೆ ಎರಡು ಮಣ್ಣಿನ ಹರವಿ, ಒಂದು ತಾಮ್ರದ ಕೊಡ, ಬಾಗಿಲ ಪಕ್ಕ ಬಿರಡೆ ಹಾಕಿದ ಪ್ಲಾಸ್ಟಿಕ್ ಕ್ಯಾನು. ಪ್ರತಿ ಹರವಿಯ ಬಾಯಿಗೂ ಅವಳದೇ ಹಳೆಯ ಇಳಕಲ್ ಸೀರೆಯ ತುಂಡು, ನಾಲ್ಕು ಮಡಿಕೆ. ನಳದ ನೀರು ಅದರೊಳಗಿಂದಲೇ ಇಳಿಯಬೇಕು. ಹೊಸ ಬಟ್ಟೆ ನಡೆಯದು. ತೊಳೆದು ತೊಳೆದು ನೂಲು ಉಬ್ಬಿದ ಬಟ್ಟೆಯೇ ಬೇಕು. ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತವರ ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು: ಹಳೆ ಸೀರೆಯನ್ನು ಮಡಿಚಿ ಸೋಸಿ ಕುಡಿದ ಕಡೆ ಕಾಲರಾ ಶೇ. 48ರಷ್ಟು ಇಳಿದಿತ್ತು. ಕಾಲರಾದ ಕ್ರಿಮಿ ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತದೆ. ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂಟಿ ಕ್ರಿಮಿಗೆ ಮಾತ್ರ ಸೀರೆ ಅಡ್ಡ ಬರುವುದಿಲ್ಲ. ಹಾಗಾಗಿ ಮಳೆಗಾಲದ ಮೊದಲ ಕೆಂಪು ನೀರು ಬಂದಾಗ ಆಯಿ ಸೋಸಿದ ಮೇಲೂ ಕುದಿಸುತ್ತಾಳೆ.

ತಾಮ್ರದ ಕೊಡದ ವಿಷಯಕ್ಕೂ ಪುರಾವೆ ಇದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಉಳಿದಿರಲಿಲ್ಲ. ಆದರೆ ಹುಣಸೆಹುಳಿಯಿಂದ ತಿಕ್ಕಿದ ಕೊಡವನ್ನು ಚೆನ್ನಾಗಿ ತೊಳೆಯದೆ ನೀರು ತುಂಬಿದರೆ ಹುಳಿಯ ಜತೆ ತಾಮ್ರವೂ ನೀರಿಗೆ ಇಳಿಯುತ್ತದೆ. ಅದಕ್ಕೇ ಆಕೆ ಮೂರು ಸಲ ಗಲಬರಿಸಿ ಚೆಲ್ಲುತ್ತಾಳೆ.

ಬೀದರ್ ಜಿಲ್ಲೆಯ ಈ ಹುಲಸೂರು 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲೊಂದು. ಅದಕ್ಕೂ ಮುಂಚೆ ಬಸವಕಲ್ಯಾಣ ತಾಲೂಕಿನ ಊರು. ಆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಕುಡಿಯುವ ನೀರಿಗೇ 'ಪಾನೀಯಭೋಗ' ಎಂಬ ಭಾಗ ಇಟ್ಟಿದ್ದಾನೆ. ಯಾವ ಋತುವಿಗೆ ಯಾವ ನೀರು ಹಿತ, ಹೂವಿನಿಂದ ನೀರಿಗೆ ಪರಿಮಳ ಕಟ್ಟುವುದು ಹೇಗೆ ಎಂದು ಅರಸನೇ ಕೂತು ಬರೆದಿದ್ದಾನೆ. ಆಯಿ ಆ ಹೆಸರು ಕೇಳಿದವಳಲ್ಲ. ಆದರೂ ಬೇಸಿಗೆಯ ಹರವಿಗೆ ಲಾವಂಚದ ಬೇರಿನ ಕಟ್ಟು ಇಳಿಬಿಡುವಾಗ ಅವಳ ಮುಖದಲ್ಲಿರುವುದು ಅಂಥದೇ ಅರಸು ಠೀವಿ.

ಈ ಷೋಕಿಯ ಬೇರು ಭಯದಲ್ಲಿದೆ ಎಂದರೆ ಆಕೆ ಒಪ್ಪಲಿಕ್ಕಿಲ್ಲ. ಆದರೂ 1972ರ ಬರದ ಮಾತು ಬಂದರೆ ಕೈ ನಿಲ್ಲುತ್ತದೆ. ಇನ್ನೊಂದು, 1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಕಳಿಸಿ ಮಲಗಿದ್ದ ಹೊತ್ತು, ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ಅಲುಗಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಈ ಮನೆಯ ಹರವಿಗಳು ಆ ರಾತ್ರಿ ಒಡೆದವು. ಬಾಗಿಲ ಪಕ್ಕದ ಕ್ಯಾನು ಬಂದದ್ದು ಅದರ ನಂತರ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಬರಕ್ಕೆ ಸಿಕ್ಕ ಲಾತೂರಿಗೆ ರೈಲಿನಲ್ಲಿ ನೀರು ಬಂತು, ಮೊದಲ ಸಲ 10 ವ್ಯಾಗನ್, 5 ಲಕ್ಷ ಲೀಟರು. ಟೀವಿಯಲ್ಲಿ ನೋಡುತ್ತಿದ್ದ ಆಯಿ ಇನ್ನೆರಡು ಕೊಡ ತರಿಸಿದಳು.

ಸಂಕಟದ ದಿನಗಳಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂಬುದು ಪರಿಹಾರ ಸಂಸ್ಥೆಗಳ ಅಂತಾರಾಷ್ಟ್ರೀಯ ಲೆಕ್ಕ. ಐದು ಮಂದಿಗೆ ಮೂರು ದಿನಕ್ಕೆ 225 ಲೀಟರ್, ಅಂದರೆ 15 ಲೀಟರಿನ 15 ಕೊಡ. ಮೊಮ್ಮಗಳು ಕಟ್ಟೆಯಿಂದ ಬಚ್ಚಲಿನವರೆಗೆ ಎಣಿಸಿ ನೋಡಿದಳು. ಬಚ್ಚಲ ಹಂಡೆ ಸೇರಿಸಿದರೆ ಒಂದು ಕೊಡ ಹೆಚ್ಚೇ ಇತ್ತು.

ಕಟ್ಟೆಯ ಮೇಲಿನ ಗೂಡಿನಲ್ಲಿ ಔಷಧದ ಡಬ್ಬಿ. ಅಜವಾನ, ಒಣಶುಂಠಿ, ಮೆಣಸು, ಹಿಪ್ಪಲಿ, ಜಜ್ಜಿದ ಜೇಷ್ಠಮಧು. ಅಂಗಳದಲ್ಲಿ ತುಳಸಿ, ಲೋಳೆಸರ, ಬೇಲಿಗೆ ಆಡುಸೋಗೆ. ಮರಾಠಿ ಮಾತಾಡುವ ಬೀಗರು ಬಂದರೆ ಅದೇ 'ಅಡುಳಸಾ'. ಕೆಮ್ಮಿಗೆ ಅದರ ಎಲೆ ಬಾಡಿಸಿ ರಸ ಹಿಂಡುವುದು ಈ ಕಡೆಯ ಹಳೆ ರೂಢಿ. ಡಾಕ್ಟರು ಕಫ ಸಡಿಲಿಸಲು ಬರೆದುಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೂ ಇದೇ ಎಲೆಯ ಸತ್ವದ ಬೆನ್ನು ಹತ್ತಿ. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೇ ಇದ್ದ. ಡಬ್ಬಿಯ ವಂಶ ಸಣ್ಣದಲ್ಲ.

ಆದರೆ ಡಬ್ಬಿಗೆ ಗಡಿ ಇದೆ, ಅದು ಆಯಿಗೂ ಗೊತ್ತು. ಹಾವು ಕಡಿದರೆ, ಎದೆ ಹಿಡಿದರೆ ಡಬ್ಬಿ ತೆರೆಯುವುದಿಲ್ಲ, ಗಾಡಿ ತರಿಸುತ್ತಾಳೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದನ್ನು ಮೊದಲ ಮೊಮ್ಮಗನ ಕಾಲದಲ್ಲಿ ನರ್ಸಮ್ಮ ಬಿಡಿಸಿದಳು.

ಇಡೀ ಗೂಡಿನಲ್ಲಿ ಅತಿ ದೊಡ್ಡ ಮದ್ದು ಯಾವುದೆಂದರೆ, ಕೇಳಿದವರಿಗೆ ನಿರಾಸೆಯಾದೀತು: ಸಕ್ಕರೆ ಮತ್ತು ಉಪ್ಪು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಾಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸಿನ ನೀರು ಕಲಸಿ ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಶೇ. 30ರ ಹತ್ತಿರವಿದ್ದ ಸಾವು ಶೇ. 4ರೊಳಗೆ ಇಳಿಯಿತು. ಭೇದಿಗೆ ಮನೆಯ ಅಳತೆ ಇದು: ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು. ಆಯಿ ಚಮಚೆಯ ಮೇಲೆ ಬೆರಳೆಳೆದು ಸಮ ಮಾಡುತ್ತಾಳೆ. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ. ಕೊನೆಗೆ ನಾಲಿಗೆಗೆ ಹಚ್ಚಿ ನೋಡುತ್ತಾಳೆ, ಕಣ್ಣೀರಿಗಿಂತ ಉಪ್ಪಾಗಬಾರದು.

ಇನ್ನು ಶನಿವಾರದ ಗುಟ್ಟು. ಡೆಂಗಿ ತರುವ ಸೊಳ್ಳೆ ಮೊಟ್ಟೆ ಇಡುವುದು ಮನೆಯ ಒಳಹೊರಗೆ ತಿಳಿನೀರು ನಿಂತ ಪಾತ್ರೆಗಳಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ತಿಕ್ಕಿರಿ ಎಂದಾಗ, ಶನಿವಾರಕ್ಕೊಮ್ಮೆ ಅದನ್ನೇ ಮಾಡುತ್ತ ಬಂದ ಆಯಿ ಬೆನ್ನು ನೆಟ್ಟಗೆ ಮಾಡಿ ಕೂತಳು. ತಿಕ್ಕದೆ ಬಿಟ್ಟರೆ ಪಾತ್ರೆಯ ಒಳಮೈಗಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದರೂ ಬದುಕಿರುತ್ತದೆ ಎಂಬುದು ಮಾತ್ರ ಅವಳಿಗೆ ಹೊಸ ಸುದ್ದಿ. ಆಮೇಲೆ ಹರವಿಯ ಒಳಮೈ ತಿಕ್ಕುವ ತೆಂಗಿನ ನಾರಿಗೆ ಇನ್ನೂ ಒಂದು ಸುತ್ತು ಬಲ ಬಂತು.

ಹಳೆಯ ನೀರು ಚರಂಡಿಗೆ ಹೋಗುವುದಿಲ್ಲ, ಆಡುಸೋಗೆಯ ಬುಡಕ್ಕೆ. ಬಿಸಿಲಿಗೆ ಬೋರಲಾಗಿಟ್ಟ ಹರವಿಗಳು ಒಣಗುವ ಹೊತ್ತಿಗೆ ನಳದಲ್ಲಿ ಗಾಳಿ ಬುಸುಗುಡುತ್ತದೆ. ಮೊಮ್ಮಗಳು ಸೀರೆಯ ತುಂಡು ಹುಡುಕಲು ಓಡುತ್ತಾಳೆ. "ನಾಕ್ ಮಡಿಕಿ ಮಾಡವಾ," ಒಳಗಿಂದ ಕೂಗು, "ಎರಡಲ್ಲ!"