ನಗಿಸುವ ಹುಡುಗ, ಕಾನೂನು ಗೊತ್ತಿರುವ ಅಕ್ಕ

ಕೆ.ಆರ್.ಪೇಟೆ, ನಾಗಮಂಗಲ ಕಡೆಯ ಹುಡುಗರ ಕಾಮಿಡಿ ರೀಲ್ಸ್‌ನಲ್ಲಿ ಒಂದು ವಿಷಯ ಯಾವತ್ತೂ ಹಳೆಯದಾಗುವುದಿಲ್ಲ. ಜಮೀನಿದೆ, ಟ್ರ್ಯಾಕ್ಟರ್ ಇದೆ, ಹೊಸ ಮನೆಗೆ ಗೃಹಪ್ರವೇಶವೂ ಆಗಿದೆ. ಹೆಣ್ಣು ಮಾತ್ರ ಸಿಗ್ತಿಲ್ಲ! ನಮ್ಮ ಫ್ಯಾಮಿಲಿ ಗ್ರೂಪಿಗಂತೂ ಇಂಥದ್ದು ವಾರಕ್ಕೊಂದು ಬರುತ್ತೆ.

ಈ ಜೋಕಿನ ಹಿಂದೆ ನಿಜ ಇದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ನಡೆದಾಗ ಹೆಣ್ಣುಮಕ್ಕಳು ಸುಮಾರು 250, ಗಂಡುಮಕ್ಕಳು 11,000ಕ್ಕೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಎರಡೂ ವೈರಲ್ ಆದವು, ಎರಡಕ್ಕೂ ಜನ ನಕ್ಕರು.

ನಗು ಬಾರದ ಸುದ್ದಿ ಆಮೇಲೆ ಬಂತು. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡ್ತಿತ್ತು. 2024ರ ಮೇನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಕ್ರಮ ಗರ್ಭಪಾತದ ಪ್ರಕರಣ ಪತ್ತೆಯಾಯಿತು. ರೈತನಿಗೆ ಹೆಣ್ಣು ಕೊಡಲ್ಲ ಅನ್ನೋದಕ್ಕೆ ಬೇರೆ ಕಾರಣಗಳೂ ಇವೆ, ಒಪ್ಪೋಣ. ಆದರೆ 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948. ಅದನ್ನು ರೈತನ ಕಷ್ಟ ಅಂತ ತಳ್ಳಿಹಾಕೋಕೆ ಆಗಲ್ಲ.

ಶ್ರೀರಂಗಪಟ್ಟಣ, ಪಾಂಡವಪುರದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಪರ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆ ನನಗೆ ಗೊತ್ತು. ಅದನ್ನು ನಡೆಸುವ ಅಕ್ಕ ಇಪ್ಪತ್ತು ವರ್ಷದಿಂದ ಮನೆಮನೆ ಸುತ್ತಿದವರು. ಅವರ ಫೇಸ್‌ಬುಕ್ ಪೇಜಿನಲ್ಲಿ ಮಾತ್ರ ದೀಪ ಬೆಳಗಿಸಿದ ಫೋಟೊ, ಶಾಲು ಹೊದಿಸಿದ ಫೋಟೊ ಇಷ್ಟೇ. ‘ಫೋನಿನ ಕೆಲ್ಸ ಗೊತ್ತಿರೋನು ನೀನು, ಏನಾದ್ರೂ ಮಾಡಪ್ಪ’ ಅಂದರು. ನನಗೆ ಕೋಡ್ ಬರೆಯೋದು ಗೊತ್ತು, ಜನರನ್ನು ನಗಿಸೋದು ಗೊತ್ತಿಲ್ಲ. ಹಾಗಾಗಿ ಕೆ.ಆರ್.ಪೇಟೆ ಕಡೆಯ ಒಬ್ಬ ರೀಲ್ಸ್ ಹುಡುಗನನ್ನು ಪರಿಚಯ ಮಾಡಿಸಿದೆ.

ಅಕ್ಕ ಮೂರು ಪುಟ ಬರೆದುಕೊಂಡು ಬಂದಿದ್ದರು. ಹುಡುಗ ಓದಿ ತಲೆ ಕೆರೆದುಕೊಂಡ. ‘ಅಕ್ಕ, ಇದನ್ನ ಓದುದ್ರೆ ನಮ್ಮವ್ವನೇ ಮುಂದಕ್ಕೆ ತಳ್ಬುಡ್ತಾಳೆ.’ ಅವನೇ ಒಂದು ಐಡಿಯಾ ಹೇಳಿದ: ‘ಹೆಣ್ಮಗು ಉಳಿಸ್ರಪ್ಪೋ, ಇಲ್ದಿದ್ರೆ ನಿಮ್ ಮಗ ಬ್ರಹ್ಮಚಾರಿ!’

ನನಗೆ ಸೂಪರ್ ಅನ್ನಿಸಿತು. ಅಕ್ಕನ ಮುಖ ಗಂಟಾಯಿತು. ‘ನಿಮಗೆ ಹೆಂಡ್ತಿ ಸಿಗ್ಲಿ ಅಂತ ಅವಳು ಹುಟ್ಬೇಕೇನಪ್ಪ? ಅವಳ ಪಾಡಿಗೆ ಅವಳು ಹುಟ್ಟಂಗಿಲ್ವಾ?’

ಹುಡುಗನ ಇನ್ನೊಂದು ಸಾಲಿಗೂ ಅವರು ತಡೆ ಹಾಕಿದರು. ‘ಗರ್ಭಪಾತ ಮಾಡಿಸಿದ್ರೆ ಜೈಲು’ ಅಂತ ಅವನು ಬರೆದಿದ್ದ. ಅದು ತಪ್ಪು. ಕಾನೂನಿನ ಮಿತಿಯೊಳಗೆ ಗರ್ಭಪಾತಕ್ಕೆ ನಮ್ಮಲ್ಲಿ 1971ರಿಂದಲೂ ಅವಕಾಶವಿದೆ. ಅಪರಾಧ ಯಾವುದೆಂದರೆ ಲಿಂಗ ಪತ್ತೆ ಮಾಡೋದು, ಹೇಳೋದು, ಅದಕ್ಕೆ ಜಾಹೀರಾತು ಕೊಡೋದು. 1994ರ ಕಾಯ್ದೆ ಇರೋದು ಅದಕ್ಕೇ. ಮನೆಯವರ ಒತ್ತಡಕ್ಕೆ ಸಿಕ್ಕಿ ಸ್ಕ್ಯಾನಿಗೆ ಹೋದ ಹೆಂಗಸು ಆ ಕಾಯ್ದೆಯ ಕಣ್ಣಲ್ಲಿ ಅಪರಾಧಿ ಅಲ್ಲ. ಎರಡನ್ನೂ ಗೊಂದಲ ಮಾಡಿದರೆ, ನಿಜವಾಗಿ ಸಹಾಯ ಬೇಕಾದವಳು ಹೆದರಿ ಆಸ್ಪತ್ರೆಗೇ ಹೋಗಲ್ಲ.

ಕೊನೆಗೆ ಆದ ಒಪ್ಪಂದ ಸರಳವಾಗಿತ್ತು. ಏನು ಹೇಳಬಾರದು ಅನ್ನೋದು ಅಕ್ಕನ ತೀರ್ಮಾನ, ಹೇಗೆ ಹೇಳಬೇಕು ಅನ್ನೋದು ಹುಡುಗನ ತೀರ್ಮಾನ. ಸಂಸ್ಥೆಗಳು ಸಾಮಾನ್ಯವಾಗಿ ಎಡವೋದು ಇಲ್ಲೇ. ಒಂದೋ ಭಾಷಣವನ್ನು ಕೈಗೆ ಕೊಟ್ಟು ಓದಪ್ಪ ಅಂತಾರೆ, ಇಲ್ಲಾ ಫಾಲೋವರ್ಸ್ ನೋಡಿ ಎಲ್ಲವನ್ನೂ ಬಿಟ್ಟುಕೊಡ್ತಾರೆ.

ಉಳಿದ ಷರತ್ತುಗಳನ್ನೂ ಹೇಳ್ತೀನಿ, ಬೇರೆಯವರಿಗೂ ಉಪಯೋಗವಾಗಬಹುದು. ಯಾವ ಹೆಂಗಸಿನ ಮುಖ, ಹೆಸರು, ಊರು ತೋರಿಸುವಂತಿಲ್ಲ. ಸ್ಕ್ಯಾನ್ ಎಲ್ಲಿ, ಎಷ್ಟು ದುಡ್ಡು ಅನ್ನೋದು ತಮಾಷೆಗೂ ಬರಬಾರದು, ಅದೇ ಜಾಹೀರಾತಾಗುತ್ತೆ. ಹುಡುಗನಿಗೆ ಪೆಟ್ರೋಲು, ಒಂದು ದಿನದ ದುಡಿಮೆಯ ಹಣ ಕೊಡಬೇಕು, ಕೊಟ್ಟಿದ್ದನ್ನು ವಿಡಿಯೊದಲ್ಲಿ ಹೇಳಲೂಬೇಕು. ಸಮಾಜಸೇವೆ ಅಂತ ಬಿಟ್ಟಿ ಕೆಲಸ ಮಾಡಿಸಿದರೆ ಎರಡನೇ ವಿಡಿಯೊ ಬರೋದೇ ಇಲ್ಲ. ಅವನ ಹಳೆಯ ವಿಡಿಯೊಗಳನ್ನು ಮೊದಲೇ ನೋಡಬೇಕು. ನಿನ್ನೆ ಹೆಂಡತಿಗೆ ಹೊಡೆಯೋ ಜೋಕು ಮಾಡಿದವನು ಇವತ್ತು ಹೆಣ್ಣುಮಕ್ಕಳ ಪರ ಮಾತಾಡಿದರೆ ಯಾರು ನಂಬ್ತಾರೆ?

ಇನ್ನೊಂದು ಮುಖ್ಯ ವಿಷಯ ಕಾಮೆಂಟ್ಸ್. ‘ಎಲ್ಲಿ ಮಾಡ್ತಾರೆ ಅಣ್ಣ, ಇನ್‌ಬಾಕ್ಸ್ ಮಾಡಿ’ ಅಂತ ಕೇಳೋರೂ ಇರ್ತಾರೆ. ಮೊದಲ ಎರಡು ದಿನ ಕಾಮೆಂಟ್ಸ್ ಕಾಯೋದು ನನ್ನ ಪಾಲಿಗೆ ಬಂತು.

ದೊಡ್ಡ ಇನ್‌ಫ್ಲುಯೆನ್ಸರ್ ಇದ್ದರೆ ಸಾಕು ಅನ್ನೋರಿಗೆ ಎರಡು ಉದಾಹರಣೆ. 2015ರ ಜೂನ್‌ನಲ್ಲಿ ‘ಮಗಳ ಜೊತೆ ಸೆಲ್ಫಿ’ ಶುರುವಾಗಿದ್ದು ಹರಿಯಾಣದ ಬೀಬೀಪುರ ಅನ್ನೋ ಹಳ್ಳಿಯ ಸರಪಂಚರಿಂದ, ದೇಶವೆಲ್ಲ ಹಬ್ಬಿತು. 2024ರಲ್ಲಿ ತಮಿಳುನಾಡಿನ ದೊಡ್ಡ ಯೂಟ್ಯೂಬರ್ ಒಬ್ಬರು ದುಬೈನಲ್ಲಿ ಪರೀಕ್ಷೆ ಮಾಡಿಸಿ, ಹುಟ್ಟಲಿರುವ ಮಗುವಿನ ಲಿಂಗ ಹೇಳುವ ವಿಡಿಯೊ ಹಾಕಿ ಆರೋಗ್ಯ ಇಲಾಖೆಯ ನೋಟಿಸ್ ಪಡೆದರು.

ನಮ್ಮ ಹುಡುಗನ ವಿಡಿಯೊ 50 ಸೆಕೆಂಡಿನದು. ಸೀರೆ ಉಟ್ಟು ಅವನೇ ಅತ್ತೆ ಆದ, ಅವನ ತಂಗಿ ಸೊಸೆ. ‘ಯಾವ್ದು ಅಂತ ಕೇಳವ್ವ ಡಾಕ್ಟ್ರನ್ನ’ ಅಂತ ಅತ್ತೆ ಕಾಡಿದರೆ, ಸೊಸೆ ಹೇಳ್ತಾಳೆ: ‘ನೀವು ಹುಟ್ಟೋಕ್ ಮುಂಚೆ ಯಾರನ್ನ ಕೇಳಿದ್ರತ್ತೆ?’ ಆಮೇಲೆ ಸಂಸ್ಥೆಯ ಫೋನ್ ನಂಬರ್. ಅಷ್ಟೇ.

ಅವನ ಮಾಮೂಲಿ ರೀಲ್ಸಿಗಿಂತ ವ್ಯೂಸ್ ಕಡಿಮೆಯೇ ಬಂತು, ಹುಡುಗ ಸ್ವಲ್ಪ ಸಪ್ಪಗಾದ. ನಾಲ್ಕನೇ ದಿನ ಅಕ್ಕನಿಗೆ ಒಂದು ಫೋನ್ ಬಂತಂತೆ. ಎರಡು ಹೆಣ್ಣಿನ ತಾಯಿ, ಮೂರನೆಯದಕ್ಕೆ ಮೂರು ತಿಂಗಳು. ಸ್ಕ್ಯಾನಿಗೆ ಹೊರಡು ಅಂತ ಮನೆಯಲ್ಲಿ ಒತ್ತಾಯ. ಯಾರು, ಯಾವೂರು ಅಂತ ಅಕ್ಕ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ‘ಆ ಮನೆಗೆ ಹೋಗ್ಬಂದೆ, ಇನ್ನೂ ಹೋಗ್ಬೇಕು’ ಅಂದರು ಅಷ್ಟೇ. ಹುಡುಗ ಎರಡನೇ ವಿಡಿಯೊಗೆ ತಯಾರಿ ಶುರು ಮಾಡಿದ.