ತೂತಿನ ಪಟ

ನಮ್ಮ ಕಡೆ ಗಾಳಿಪಟ ಸಂಕ್ರಾಂತಿಗೆ ಕಾಯುವುದಿಲ್ಲ. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಿತ್ತೆಂದರೆ ಹುಬ್ಬಳ್ಳಿ-ಧಾರವಾಡದ ಮಾಳಿಗೆಗಳ ಮೇಲೆ ಪಟಗಳು ಏರತೊಡಗುತ್ತವೆ. ಅದಕ್ಕೆ ಕಾರಣ ಮುಂಗಾರಿನ ಗಾಳಿ. ಪಡುವಣ ಘಟ್ಟದಲ್ಲಿ ಮಳೆಯ ಬಹುಪಾಲು ಸುರಿದು ಹಗುರಾದ ಗಾಳಿ ಧಾರವಾಡಕ್ಕೆ ಬರುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಜಾಗ ಅದು. ಅಲ್ಲಿಂದ ಸವದತ್ತಿ ರಸ್ತೆ ಹಿಡಿದು ಅಮ್ಮಿನಬಾವಿಗೆ ಬಂದರೆ ಎರೆಹೊಲಗಳು. ನಮ್ಮ ಹೊಲದಲ್ಲಿ ಈ ಗಾಳಿಗೆ ಅಡ್ಡ ನಿಲ್ಲುವುದು ಬದುವಿನ ಮೇಲಿನ ಎರಡು ಬೇವಿನ ಮರ ಮಾತ್ರ.

ಈ ಆಷಾಢದಲ್ಲಿ ಹಿಂಗಾರಿಗೆಂದು ಖಾಲಿ ಬಿಟ್ಟಿದ್ದ ಆ ಹೊಲದಲ್ಲಿ ನಾನು ಹಾರಿಸಿದ್ದು ಬಿದಿರುಕಡ್ಡಿ, ಬಣ್ಣದ ಕಾಗದದ ಪಟವಲ್ಲ. ಗೆಳತಿಯೊಬ್ಬಳು ಕೊಟ್ಟುಹೋದ ಎರಡು ದಾರದ ಪಟ. ಎಡಗೈಗೊಂದು ದಾರ, ಬಲಗೈಗೊಂದು. ಬಲಗೈ ಎಳೆದರೆ ಬಲಕ್ಕೆ ತಿರುಗುತ್ತದೆ, ಎಡಗೈ ಎಳೆದರೆ ಎಡಕ್ಕೆ. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪೊವೆಲ್ ತಂದ ಪಟದಿಂದ ಈ ಆಟ ಜಗತ್ತಿನಾದ್ಯಂತ ಹೆಸರಾಯಿತು. ನನ್ನ ಪಟಕ್ಕೆ ಇನ್ನೊಂದು ವಿಶೇಷವಿತ್ತು. ಬಟ್ಟೆಯ ನಡುನಡುವೆ ಕತ್ತರಿಸಿ ಸೊಳ್ಳೆಪರದೆಯಂಥ ಜಾಳಿಗೆ ಹೊಲಿದಿದ್ದರು.

ಅಪ್ಪ ಅದನ್ನು ತಿರುವಿಮುರುವಿ ನೋಡಿದರು. “ಏನ್ ಯವ್ವಾ, ಇದಕ್ಕ ಹುಟ್ಟತಾನ ತೂತು ಬಿದ್ದಾವಲ್ಲ?”

ಅದು ಬೇಕೆಂದೇ ಮಾಡಿದ ತೂತು. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ. ಇದ್ದ ಗಾಳಿ 30 ಆಯಿತೆಂದರೆ ಸಾದಾ ಪಟ ಕೈಗೆ ಸಿಕ್ಕದಂತೆ ಓಡುತ್ತದೆ, ಇಲ್ಲವೆ ಕಡ್ಡಿ ಮುರಿಯುತ್ತದೆ. ಜಾಳಿಗೆಯಿದ್ದರೆ ಒಂದಿಷ್ಟು ಗಾಳಿ ಅದರೊಳಗಿಂದಲೇ ದಾಟಿಹೋಗುತ್ತದೆ. ಎಳೆತ ಕಡಿಮೆಯಾಗಿ ಪಟ ನಿಧಾನವಾಗುತ್ತದೆ, ಕೈಯ ಮಾತು ಕೇಳುತ್ತದೆ. ಹೆದ್ದಾರಿಯ ದೊಡ್ಡ ಫ್ಲೆಕ್ಸ್ ಬ್ಯಾನರುಗಳಲ್ಲಿ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ದಿರುತ್ತಾರಲ್ಲ, ಅದೂ ಇದಕ್ಕೇ.

ಆದರೆ ಆಷಾಢದ ಗಾಳಿ ಒಂದೇ ಸಮ ಬೀಸುವುದಿಲ್ಲ. ಮೋಡವೊಂದು ಬಂದಾಗ ನುಗ್ಗುತ್ತದೆ, ಮರುಗಳಿಗೆಗೆ ಬಿದ್ದುಹೋಗುತ್ತದೆ. ಬಿದ್ದಾಗ ಈ ಪಟಕ್ಕೆ ಅದರ ತೂತುಗಳೇ ಭಾರ. ಆಗ ನಾನು ಹಿಂದೆ ಹಿಂದೆ ನಡೆದು ಅದಕ್ಕೆ ಗಾಳಿ ಹುಟ್ಟಿಸಿಕೊಡಬೇಕು. ಗಾಳಿ ನುಗ್ಗಿದಾಗ ಪಟದ ಕಡೆಗೇ ನಡೆದು ದಾರ ಸಡಿಲಿಸಬೇಕು. ಮೊದಮೊದಲು ಕೈ ಇದಕ್ಕೆ ಒಪ್ಪುವುದಿಲ್ಲ. ಜೋರಾಗಿ ಎಳೆಯುವುದರ ಕಡೆಗೇ ಹೋಗುವುದೆಂದರೆ ಮೈಗೆ ಬಾರದ ಬುದ್ಧಿ. ಅದರ ಮೇಲೆ ಹಸಿ ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಸೇರು ತೂಗುತ್ತದೆ. ಬೇವಿನ ಮರದ ಮರೆಯಲ್ಲಂತೂ ಗಾಳಿ ಸುಳಿಸುತ್ತಿ ಪಟವನ್ನು ನೆಲಕ್ಕೆ ಕೆಡವುತ್ತದೆ.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಐದು ವರ್ಷದ ಫೆಲೋಶಿಪ್ ಡಿಸೆಂಬರಿಗೇ ಮುಗಿದಿತ್ತು. ನನ್ನ ಸಂಶೋಧನೆ ಹಂತಿ ಹಾಡುಗಳ ಮೇಲೆ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸುತ್ತ ರಾತ್ರಿಯಿಡೀ ಹಾಡುತ್ತಿದ್ದ ಹಾಡುಗಳು. ರಾಶಿ ಮಾಡುವ ಯಂತ್ರ ಬಂದ ಮೇಲೆ ಕಣವೂ ಹೋಯಿತು, ಹಾಡೂ ಹೋಯಿತು. ಹಾಡು ಬಲ್ಲವರು ಈಗ ಎಪ್ಪತ್ತು ದಾಟಿದ್ದಾರೆ. ನನ್ನ ಪಟ್ಟಿಯಲ್ಲಿದ್ದ ಇಬ್ಬರು ಕಳೆದ ವರ್ಷ ತೀರಿಕೊಂಡರು. ಹೀಗಿರುವಾಗ ಬೆಂಗಳೂರಿನ ಒಂದು ಕಂಪನಿ ಪಠ್ಯ ಬರೆಯುವ ಕೆಲಸಕ್ಕೆ ಕರೆದಿತ್ತು. ತಿಂಗಳೊಳಗೆ ಉತ್ತರ ಬೇಕು. ಮನೆಯಲ್ಲಿ ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವ್ವ ಮಾತ್ರ ಪಿಎಚ್.ಡಿ. ಯಾವಾಗ ಮುಗಿತೈತಿ ಅಂತ ಕೇಳುವುದನ್ನು ಬಿಟ್ಟಿದ್ದಳು. ಕೇಳುವುದಕ್ಕಿಂತ ಅದೇ ಹೆಚ್ಚು ತೂಕದ್ದಾಗಿತ್ತು.

ಒಂದು ಸಂಜೆ ಗಾಳಿ ಬಲವಾಯಿತು. ನಾನು ಮುಂದೆ ಹೆಜ್ಜೆ ಹಾಕುತ್ತಿದ್ದುದನ್ನು ಬದುವಿನ ಮೇಲೆ ಕೂತು ನೋಡುತ್ತಿದ್ದ ಅಪ್ಪ ತಾವಾಗಿಯೇ ಮಾತು ತೆಗೆದರು.

“ಗಾಳಿ ಬಂದಾಗ ತೂರಿಕೋ ಅಂತ ಎಲ್ಲಾರೂ ಹೇಳ್ತಾರ. ಆದ್ರ ಗಾಳಿ ಭಾಳ ಬಂದ್ರ ಹೊಟ್ಟಿನ ಜೋಡಿ ಕಾಳೂ ಹಾರ್ತಾವ. ಆವಾಗ ನಾವು ಬುಟ್ಟಿ ತಗ್ಗಿಸಿ ಹಿಡೀತಿದ್ವಿ.”

“ಗಾಳಿ ನಿಂತ್ರ ಏನ್ ಮಾಡ್ತಿದ್ರಿ, ಅಪ್ಪಾ?”

“ಏನ್ ಮಾಡೂದು? ಬುಟ್ಟಿ ಇಳಿಸಿ ಕುಂಡ್ರೂದು. ಮತ್ತ ಬರ್ತಿತ್ತು.”

ಗಾದೆಯನ್ನು ಅವಕಾಶ ಬಿಡಬೇಡ ಎಂಬ ಅರ್ಥದಲ್ಲಷ್ಟೇ ಕೇಳಿದ್ದ ನನಗೆ ಅದು ಎಷ್ಟು ಗಾಳಿ, ಎಷ್ಟು ಎತ್ತರ ಎಂಬ ಲೆಕ್ಕವೂ ಹೌದೆಂದು ತಿಳಿದದ್ದು ಆವಾಗ. ತೂರುವವನಿಗೆ ಗಾಳಿಯೆಲ್ಲ ಬೇಕಾಗಿಲ್ಲ. ಹೊಟ್ಟು ಹಾರಿ ಕಾಳು ಕಾಲಬುಡದಲ್ಲೇ ಬೀಳುವಷ್ಟು ಸಾಕು. ನನ್ನ ಪ್ರಬಂಧದಲ್ಲಿ ಏಳು ಅಧ್ಯಾಯಗಳಿದ್ದವು. ಅದರಲ್ಲಿ ಎರಡು ಬೇರೆ ಪ್ರಾಂತಗಳ ದುಡಿಮೆಯ ಹಾಡುಗಳ ಜೊತೆಗಿನ ಹೋಲಿಕೆ. ಅವುಗಳಿಗೆ ಇನ್ನೂ ಎರಡು ವರ್ಷದ ಓದು ಬೇಕು. ಹಾಡುಗಾರರು ಅಷ್ಟು ಕಾಯಲಾರರು.

ಆ ಎರಡನ್ನೂ ಬಿಡುತ್ತೇನೆಂದು ಮಾರ್ಗದರ್ಶಕರಿಗೆ ಬರೆದೆ. ಅವರು ಕೂಡಲೇ ಒಪ್ಪಿದರು. ಕಂಪನಿಗೂ ಬರೆದೆ: ದೀಪಾವಳಿ ಆದ ಮೇಲೆ ಬರಬಲ್ಲೆ, ಅದಕ್ಕೆ ಮೊದಲು ಆಗುವುದಿಲ್ಲ. ಅವರ ಉತ್ತರ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು. ಈ ವಾರ ರೆಕಾರ್ಡರಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಸೋಮವಾರ ಸವದತ್ತಿ ಕಡೆಯ ಒಬ್ಬ ಅಜ್ಜನ ಮನೆಗೆ ಹೋಗಬೇಕು. ದನಿ ಬಿದ್ದುಹೋಗಿದೆ, ಆದರೆ ಪದ ಎಲ್ಲ ನೆನಪಿವೆ ಎಂದು ಅವರ ಮೊಮ್ಮಗ ಫೋನಿನಲ್ಲಿ ಹೇಳಿದ.